ಮೈಯೊಳಗಿನ ಕಂಬಳಿ: ಕಡಲ ಸಸ್ತನಿಗಳ ಕೊಬ್ಬಿನ ಕಥೆ

ಮಕ್ಕಳೇ, ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಬೇಸಿಗೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಮ್ಮೆಗಳು ಕೆರೆಗೆ ಇಳಿದು ಕೊರಳವರೆಗೆ ಮುಳುಗಿ ಕೂರುತ್ತವೆ. ನಿಮ್ಮಲ್ಲಿ ಕೆಲವರು ಹಿರಿಯರ ಜೊತೆ ಹೊಲದ ಬಾವಿಯಲ್ಲಿ ಈಜು ಕಲಿಯುತ್ತಿರಬಹುದು. ಅಂಥವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಮೇಲೆ ಸುಡುಬಿಸಿಲು ಇದ್ದರೂ ಅರ್ಧ ಗಂಟೆ ನೀರಿನಲ್ಲಿ ಇದ್ದರೆ ಸಾಕು, ತುಟಿ ಬಣ್ಣಗೆಡುತ್ತದೆ, ಹಲ್ಲು ಕಟಕಟ ಎನ್ನುತ್ತದೆ, ಮೈ ನಡುಗುತ್ತದೆ.

ಹಾಗಾದರೆ ಹುಟ್ಟಿದಾಗಿನಿಂದ ಸಾಯುವವರೆಗೆ ನೀರಿನಲ್ಲೇ ಇರುವ ತಿಮಿಂಗಿಲ, ಡಾಲ್ಫಿನ್‌ಗಳ ಗತಿ ಏನು? ಅವು ಮೀನುಗಳಲ್ಲ. ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡುವ, ಮರಿ ಹಾಕಿ ಹಾಲು ಕುಡಿಸುವ ಸಸ್ತನಿಗಳು. ಅವುಗಳ ಮೈಯೂ ನಮ್ಮ ಮೈಯಂತೆ ಸುಮಾರು 37 ಡಿಗ್ರಿಯಷ್ಟು ಬಿಸಿ ಇರಬೇಕು. ಆದರೂ ಅವು ನಡುಗುವುದಿಲ್ಲ. ಏಕೆ? ಉತ್ತರ ಅವುಗಳ ಚರ್ಮದ ಕೆಳಗೆ ಇದೆ. ಅಲ್ಲಿ ಕೊಬ್ಬಿನ ಒಂದು ದಪ್ಪ ಪದರವಿದೆ. ಇದಕ್ಕೆ ವಿಜ್ಞಾನಿಗಳು ಬ್ಲಬರ್ ಎನ್ನುತ್ತಾರೆ. ಈ ಪದರ ಹುಟ್ಟಿದ ದಿನ ಇದ್ದಂತೆ ಕೊನೆಯವರೆಗೂ ಇರುವುದಿಲ್ಲ. ಮರಿ ಬೆಳೆದಂತೆ ಅದೂ ಬೆಳೆಯುತ್ತದೆ, ಕರಗುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಅದರ ಕಥೆಯನ್ನು ಹಂತ ಹಂತವಾಗಿ ನೋಡೋಣ ಬನ್ನಿ.

ನೀರು ಬಿಸಿಯನ್ನು ಕಸಿಯುವುದು ಹೇಗೆ?

ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಉಷ್ಣ ಹರಿಯುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ಗಾಳಿ ಉಷ್ಣದ ಕೆಟ್ಟ ವಾಹಕ. ನೀರು ಹಾಗಲ್ಲ. ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ನೀರು ನಮ್ಮ ಮೈಯ ಉಷ್ಣವನ್ನು ಸಾಗಿಸುತ್ತದೆ. 28 ಡಿಗ್ರಿಯ ಗಾಳಿ ನಮಗೆ ಹಿತವಾಗಿರುತ್ತದೆ. ಅದೇ 28 ಡಿಗ್ರಿಯ ನೀರಿನಲ್ಲಿ ಬಹಳ ಹೊತ್ತು ಇದ್ದರೆ ಚಳಿ ಹತ್ತುತ್ತದೆ. ಕಾರಣ ಇದೇ.

ನಮ್ಮ ಕುರಿಗಾರರು ಮಳೆ, ಚಳಿ ಎರಡಕ್ಕೂ ಕಂಬಳಿ ಹೊದೆಯುತ್ತಾರೆ. ಕಂಬಳಿಯ ಉಣ್ಣೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುವುದು ಆ ಗಾಳಿಯೇ. ನೀರುನಾಯಿಗಳೂ ಇದೇ ಉಪಾಯ ಮಾಡಿವೆ. ನಮ್ಮ ಪಕ್ಕದ ತುಂಗಭದ್ರಾ ನದಿಯಲ್ಲಿ ನೀರುನಾಯಿಗಳಿವೆ. 2015ರಲ್ಲಿ ಅವುಗಳಿಗಾಗಿಯೇ ಅಲ್ಲಿ ಸಂರಕ್ಷಿತ ಪ್ರದೇಶವನ್ನು ಘೋಷಿಸಲಾಯಿತು. ಅವುಗಳ ಒತ್ತಾದ ತುಪ್ಪಳದೊಳಗೆ ಗಾಳಿ ಉಳಿದು, ಚರ್ಮ ಒದ್ದೆಯಾಗುವುದಿಲ್ಲ. ಉತ್ತರ ಪೆಸಿಫಿಕ್ ಸಾಗರದ ಕಡಲ ನೀರುನಾಯಿಗಂತೂ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೂದಲು ಇರಬಲ್ಲವು. ಅದಕ್ಕೆ ಬ್ಲಬರ್ ಇಲ್ಲ.

ಹಾಗಾದರೆ ತಿಮಿಂಗಿಲಕ್ಕೂ ತುಪ್ಪಳ ಇರಬಹುದಿತ್ತಲ್ಲ? ಯೋಚಿಸಿ. ತಿಮಿಂಗಿಲ ನೂರಾರು ಮೀಟರ್ ಆಳಕ್ಕೆ ಮುಳುಗುತ್ತದೆ. ಆಳಕ್ಕೆ ಹೋದಂತೆ ನೀರಿನ ಒತ್ತಡ ಹೆಚ್ಚುತ್ತದೆ. ಆ ಒತ್ತಡಕ್ಕೆ ತುಪ್ಪಳದೊಳಗಿನ ಗಾಳಿ ಹಿಂಡಿಹೋಗುತ್ತದೆ. ಗಾಳಿ ಹೋದ ಕಂಬಳಿಯಿಂದ ಏನು ಪ್ರಯೋಜನ? ಕೊಬ್ಬು ಹಾಗೆ ಹಿಂಡಿಹೋಗುವುದಿಲ್ಲ. ಎಷ್ಟು ಆಳಕ್ಕೆ ಹೋದರೂ ಅದು ಇದ್ದಲ್ಲೇ ಇರುತ್ತದೆ. ಜೊತೆಗೆ ನೀರಿಗೆ ಹೋಲಿಸಿದರೆ ಕೊಬ್ಬು ಸುಮಾರು ಮೂರನೇ ಒಂದು ಪಾಲು ಉಷ್ಣವನ್ನು ಮಾತ್ರ ಸಾಗಿಸುತ್ತದೆ.

ಬ್ಲಬರ್ ಎಂದರೆ ಬರೀ ಕೊಬ್ಬಲ್ಲ

ಬ್ಲಬರ್ ಎಂದರೆ ಡಬ್ಬಿಯಲ್ಲಿರುವ ಡಾಲ್ಡಾದಂತೆ ಮೆತ್ತಗಿನ ವಸ್ತು ಎಂದು ತಿಳಿಯಬೇಡಿ. ಕೊಬ್ಬು ತುಂಬಿದ ಲೆಕ್ಕವಿಲ್ಲದಷ್ಟು ಜೀವಕೋಶಗಳು ಅದರಲ್ಲಿವೆ. ಅವುಗಳ ನಡುವೆ ಗಟ್ಟಿಯಾದ ನಾರುಗಳು ಬಲೆಯಂತೆ ಹೆಣೆದುಕೊಂಡಿವೆ. ಆದ್ದರಿಂದ ಬ್ಲಬರ್ ರಬ್ಬರಿನಂತೆ ಬಿಗಿಯಾಗಿರುತ್ತದೆ. ಅದರೊಳಗೆ ರಕ್ತನಾಳಗಳೂ ಹಾದುಹೋಗುತ್ತವೆ.

ಬ್ಲಬರ್ ಮಾಡುವ ಕೆಲಸಗಳು ಹಲವು.

1. ಮೈಯ ಬಿಸಿಯನ್ನು ಕಾಪಾಡುತ್ತದೆ.
2. ಆಹಾರದ ಕಣಜವಾಗುತ್ತದೆ. 1 ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೋ ಕ್ಯಾಲೊರಿ ಶಕ್ತಿ ಸಿಗುತ್ತದೆ. 1 ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋ ಕ್ಯಾಲೊರಿ ಸಿಗುತ್ತದೆ.
3. ನೀರನ್ನೂ ಒದಗಿಸುತ್ತದೆ. ದೇಹದೊಳಗೆ 1 ಗ್ರಾಂ ಕೊಬ್ಬು ಬಳಕೆಯಾದಾಗ 1 ಗ್ರಾಂಗಿಂತ ತುಸು ಹೆಚ್ಚೇ ನೀರು ಉಂಟಾಗುತ್ತದೆ. ಉಪ್ಪುನೀರಿನ ನಡುವೆ ಬದುಕುವ ಪ್ರಾಣಿಗೆ ಇದು ದೊಡ್ಡ ವರ.
4. ಮೈಯನ್ನು ನುಣುಪಾಗಿ, ಕದಿರಿನ ಆಕಾರದಲ್ಲಿ ಇಡುತ್ತದೆ. ಇದರಿಂದ ಈಜುವುದು ಸುಲಭ.
5. ಕೊಬ್ಬು ನೀರಿಗಿಂತ ಹಗುರ. ಆದ್ದರಿಂದ ತೇಲಲು ನೆರವಾಗುತ್ತದೆ.

ಮೊದಲ ಹಂತ: ಹುಟ್ಟಿದ ಮರಿ

ತಾಯಿಯ ಗರ್ಭ ಬೆಚ್ಚಗಿರುತ್ತದೆ. ಅಲ್ಲಿ ಮರಿಗೆ ಕಂಬಳಿಯ ಅಗತ್ಯವಿಲ್ಲ. ಹುಟ್ಟಿದ ಕ್ಷಣದಲ್ಲೇ ಅದು ತಣ್ಣನೆಯ ನೀರಿಗೆ ಇಲ್ಲವೇ ಮಂಜುಗಡ್ಡೆಯ ಮೇಲೆ ಬೀಳುತ್ತದೆ. ಬದುಕಿನ ಅತ್ಯಂತ ಕಷ್ಟದ ಗಳಿಗೆ ಇದು.

ಮರಿಗೆ ಇನ್ನೊಂದು ತೊಂದರೆಯೂ ಇದೆ. ಅದು ಚಿಕ್ಕದು. ಚಿಕ್ಕ ವಸ್ತು ಬೇಗ ತಣ್ಣಗಾಗುತ್ತದೆ. ಇದನ್ನು ಲೆಕ್ಕದಿಂದಲೇ ತಿಳಿಯಬಹುದು. 1 ಸೆಂ.ಮೀ. ಬದಿಯ ಘನಾಕೃತಿಯ ಹೊರಮೈ 6 ಚದರ ಸೆಂ.ಮೀ., ಗಾತ್ರ 1 ಘನ ಸೆಂ.ಮೀ. ಅಂದರೆ ಒಂದು ಪಾಲು ಗಾತ್ರಕ್ಕೆ ಆರು ಪಾಲು ಹೊರಮೈ. 3 ಸೆಂ.ಮೀ. ಬದಿಯ ಘನಾಕೃತಿಯ ಹೊರಮೈ 54, ಗಾತ್ರ 27. ಇಲ್ಲಿ ಒಂದು ಪಾಲು ಗಾತ್ರಕ್ಕೆ ಎರಡೇ ಪಾಲು ಹೊರಮೈ. ಉಷ್ಣ ಹೊರಹೋಗುವುದು ಹೊರಮೈಯಿಂದ. ಆದ್ದರಿಂದ ಚಿಕ್ಕ ಮೈ ತನ್ನ ಅಳತೆಗೆ ಹೋಲಿಸಿದರೆ ಹೆಚ್ಚು ಉಷ್ಣ ಕಳೆದುಕೊಳ್ಳುತ್ತದೆ. ಬಟ್ಟಲಿನ ಚಹಾ ಬೇಗ ಆರುತ್ತದೆ, ಹಂಡೆಯ ನೀರು ತಡವಾಗಿ ಆರುತ್ತದೆ, ಅಲ್ಲವೇ?

ಡಾಲ್ಫಿನ್ ಮರಿ ಹುಟ್ಟುವಾಗ ಬ್ಲಬರ್ ಇದ್ದೇ ಇರುತ್ತದೆ. ಆದರೆ ಅದರಲ್ಲಿ ನೀರಿನ ಅಂಶ ಹೆಚ್ಚು, ಕೊಬ್ಬಿನ ಅಂಶ ಕಡಿಮೆ. ಆದ್ದರಿಂದ ಅದು ದೊಡ್ಡ ಡಾಲ್ಫಿನ್‌ನ ಬ್ಲಬರ್‌ನಷ್ಟು ಚೆನ್ನಾಗಿ ಬಿಸಿಯನ್ನು ತಡೆಯಲಾರದು. ಹೊಸ ಕಣಜ ಕಟ್ಟಿದೆ, ಇನ್ನೂ ಕಾಳು ತುಂಬಿಲ್ಲ ಎಂಬಂತೆ.

ಉತ್ತರ ಅಟ್ಲಾಂಟಿಕ್‌ನ ಮಂಜಿನ ಮೇಲೆ ಹುಟ್ಟುವ ಹಾರ್ಪ್ ಸೀಲ್ ಮರಿಗಂತೂ ಬ್ಲಬರ್ ಇಲ್ಲವೆಂದೇ ಹೇಳಬೇಕು. ಅದು ಎರಡು ಬೇರೆ ಉಪಾಯ ಮಾಡುತ್ತದೆ. ಒಂದು, ಅದರ ಮೈಮೇಲೆ ಹತ್ತಿಯಂತಹ ಬಿಳಿಯ ತುಪ್ಪಳ ಇರುತ್ತದೆ. ಎರಡು, ಅದರ ದೇಹದಲ್ಲಿ ಕಂದು ಕೊಬ್ಬು ಎಂಬ ವಿಶೇಷ ಕೊಬ್ಬು ಇರುತ್ತದೆ. ಸಾಮಾನ್ಯ ಕೊಬ್ಬು ಕಂಬಳಿಯಾದರೆ, ಕಂದು ಕೊಬ್ಬು ಒಲೆಯಿದ್ದಂತೆ. ಅದು ನೇರವಾಗಿ ಉರಿದು ಬಿಸಿಯನ್ನು ಕೊಡುತ್ತದೆ.

ಮನುಷ್ಯರ ಹಸುಗೂಸಿಗೂ ಈ ಕಂದು ಕೊಬ್ಬು ಇದೆ! ಹೆಗಲು, ಕುತ್ತಿಗೆ, ಬೆನ್ನಿನ ಮೇಲ್ಭಾಗದಲ್ಲಿ ಅದು ಹೆಚ್ಚಾಗಿರುತ್ತದೆ. ಕೂಸಿಗೆ ದೊಡ್ಡವರಂತೆ ನಡುಗಿ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಆಗ ಈ ಒಲೆಯೇ ಅದರ ಆಧಾರ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಎರಡೂ ಬಗೆಯ ಕೊಬ್ಬು ಕಡಿಮೆ. ಅದಕ್ಕೇ ಅದು ಬೇಗ ತಣ್ಣಗಾಗುತ್ತದೆ, ಜೀವಕ್ಕೇ ಅಪಾಯ ಬರುತ್ತದೆ.

ಈಗ ವೈದ್ಯರು, ಆಶಾ ಕಾರ್ಯಕರ್ತೆಯರು ಹೇಳುವ ಮಾತುಗಳ ಕಾರಣ ನಿಮಗೆ ತಿಳಿಯಬೇಕು. ಕೂಸು ಹುಟ್ಟಿದ ಕೂಡಲೇ ಸ್ನಾನ ಮಾಡಿಸಬಾರದು. ಒಣ ಬಟ್ಟೆಯಿಂದ ಒರೆಸಬೇಕು. ತಲೆಗೂ ಬಟ್ಟೆ ಮುಚ್ಚಬೇಕು. ತಾಯಿಯ ಎದೆಗೆ ಒತ್ತಿ ಮಲಗಿಸಬೇಕು. ಒಂದು ಗಂಟೆಯೊಳಗೆ ಮೊದಲ ಹಾಲು ಕುಡಿಸಬೇಕು. ಒದ್ದೆ ಮೈಯಿಂದ ನೀರು ಆವಿಯಾಗುವಾಗ ಉಷ್ಣವನ್ನೂ ಕೊಂಡೊಯ್ಯುತ್ತದೆ. ತಾಯಿಯ ಮೈ ಕೂಸಿಗೆ ಕಂಬಳಿಯೂ ಹೌದು, ಒಲೆಯೂ ಹೌದು. ಮನೆಯಲ್ಲಿ ಬಾಣಂತಿ ಇದ್ದರೆ ಈ ಮಾತನ್ನು ನೀವೇ ಹೇಳಬಹುದು.

ಎರಡನೆಯ ಹಂತ: ಹಾಲಿನ ದಿನಗಳು

ಖಾಲಿ ಕಣಜ ತುಂಬಿಸುವುದು ತಾಯಿಯ ಹಾಲು. ಯಾವ ಹಾಲಿನಲ್ಲಿ ಎಷ್ಟು ಕೊಬ್ಬು ಇದೆ ನೋಡಿ. 100 ಗ್ರಾಂ ಹಾಲಿಗೆ ಸುಮಾರು ಲೆಕ್ಕ ಇದು.

ಮನುಷ್ಯರ ತಾಯಿಹಾಲು: 4 ಗ್ರಾಂ
ಹಸುವಿನ ಹಾಲು: 4 ಗ್ರಾಂ
ಎಮ್ಮೆಯ ಹಾಲು: 7 ಗ್ರಾಂ
ನೀಲಿ ತಿಮಿಂಗಿಲದ ಹಾಲು: 35ರಿಂದ 40 ಗ್ರಾಂ
ಹುಡೆಡ್ ಸೀಲ್‌ನ ಹಾಲು: 60 ಗ್ರಾಂ

ನಮ್ಮ ಎಮ್ಮೆಯ ಗಟ್ಟಿ ಹಾಲು ಇದರ ಮುಂದೆ ನೀರಿನಂತೆ! ಸೀಲ್‌ನ ಹಾಲು ನೋಡಲು ಗಟ್ಟಿ ಕೆನೆಯಂತೆ ಇರುತ್ತದೆ.

ಹುಡೆಡ್ ಸೀಲ್ ಮರಿ ಹಾಲು ಕುಡಿಯುವುದು ನಾಲ್ಕೇ ದಿನ. ಹುಟ್ಟಿದಾಗ ಅದರ ತೂಕ 22ರಿಂದ 25 ಕಿಲೋಗ್ರಾಂ. ನಾಲ್ಕು ದಿನದಲ್ಲಿ ಅದು ಇಮ್ಮಡಿಯಾಗುತ್ತದೆ. ನಮ್ಮ ಕೂಸಿನ ತೂಕ ಇಮ್ಮಡಿಯಾಗಲು ಸುಮಾರು ಐದು ತಿಂಗಳು ಬೇಕು. ಸೀಲ್‌ಗೆ ಇಷ್ಟು ಅವಸರ ಏಕೆ? ಅದು ಹುಟ್ಟುವುದು ತೇಲುವ ಮಂಜುಗಡ್ಡೆಯ ಮೇಲೆ. ಆ ಮಂಜು ಯಾವಾಗ ಒಡೆಯುತ್ತದೋ ಹೇಳಲಾಗದು. ಅಷ್ಟರೊಳಗೆ ಮರಿ ನೀರಿಗೆ ಇಳಿಯಲು ಸಿದ್ಧವಾಗಬೇಕು.

ಹಾರ್ಪ್ ಸೀಲ್ ಮರಿ ಸುಮಾರು 12 ದಿನ ಹಾಲು ಕುಡಿಯುತ್ತದೆ. ಹುಟ್ಟಿದಾಗ ಸುಮಾರು 11 ಕಿಲೋಗ್ರಾಂ ಇದ್ದದ್ದು 35 ಕಿಲೋಗ್ರಾಂ ಸಮೀಪಕ್ಕೆ ಬರುತ್ತದೆ. ಹೀಗೆ ಹೆಚ್ಚುವ ತೂಕದ ಬಹುಪಾಲು ಬ್ಲಬರ್. ಬ್ಲಬರ್ ತುಂಬಿದ ಮೇಲೆ ಬಿಳಿಯ ತುಪ್ಪಳ ಉದುರಿಹೋಗುತ್ತದೆ. ಒಳಗಿನ ಕಂಬಳಿ ಸಿದ್ಧವಾಯಿತು, ಹೊರಗಿನ ಕಂಬಳಿ ಇನ್ನು ಬೇಕಿಲ್ಲ.

ನೀಲಿ ತಿಮಿಂಗಿಲದ ಮರಿ ಹುಟ್ಟುವಾಗಲೇ ಸುಮಾರು 7 ಮೀಟರ್ ಉದ್ದ ಇರುತ್ತದೆ. ಅದು ಏಳೆಂಟು ತಿಂಗಳು ಹಾಲು ಕುಡಿಯುತ್ತದೆ. ಆ ದಿನಗಳಲ್ಲಿ ದಿನಕ್ಕೆ ಸುಮಾರು 90 ಕಿಲೋಗ್ರಾಂ ತೂಕ ಹೆಚ್ಚುತ್ತದೆ. ನಿಮ್ಮ ತರಗತಿಯ ಮೂವರು ಮಕ್ಕಳ ತೂಕ ಕೂಡಿಸಿ ನೋಡಿ, ಸುಮಾರು ಅಷ್ಟು!

ಮೂರನೆಯ ಹಂತ: ಹಾಲು ಬಿಟ್ಟ ಮೇಲೆ

ಇದು ಪರೀಕ್ಷೆಯ ಕಾಲ. ಹಾಲು ನಿಂತಿದೆ, ಬೇಟೆ ಇನ್ನೂ ಬಾರದು. ಇಲ್ಲಿ ಕಾಪಾಡುವುದು ಕೂಡಿಟ್ಟ ಕೊಬ್ಬು.

ಅಮೆರಿಕದ ಕ್ಯಾಲಿಫೋರ್ನಿಯಾ ತೀರದಲ್ಲಿ ಆನೆ ಸೀಲ್ ಎಂಬ ಪ್ರಾಣಿಗಳಿವೆ. ಮರಿ ನಾಲ್ಕು ವಾರ ಹಾಲು ಕುಡಿದು ಸುಮಾರು 130 ಕಿಲೋಗ್ರಾಂ ಆಗುತ್ತದೆ. ಅದರ ತೂಕದಲ್ಲಿ ಅರ್ಧದಷ್ಟು ಕೊಬ್ಬೇ. ಆಗ ತಾಯಿ ಮರಿಯನ್ನು ದಡದಲ್ಲಿ ಬಿಟ್ಟು ಕಡಲಿಗೆ ಹೋಗಿಬಿಡುತ್ತದೆ. ಮರಿ ಎರಡು, ಎರಡೂವರೆ ತಿಂಗಳು ಏನನ್ನೂ ತಿನ್ನದೆ ದಡದ ಬಳಿಯೇ ಇದ್ದು, ನೀರಿಗಿಳಿದು ಈಜು ಕಲಿಯುತ್ತದೆ, ಮುಳುಗುವುದನ್ನು ಕಲಿಯುತ್ತದೆ. ಆಮೇಲೆ ಒಂಟಿಯಾಗಿಯೇ ಸಾಗರಕ್ಕೆ ಹೊರಡುತ್ತದೆ. ಹಾಲಿನ ದಿನಗಳಲ್ಲಿ ಸಾಕಷ್ಟು ಕೊಬ್ಬು ಸೇರದ ಮರಿಗೆ ಈ ಉಪವಾಸ ದಾಟುವುದು ಕಷ್ಟ.

ಇನ್ನೂ ವಿಚಿತ್ರವಾದದ್ದು ಆರ್ಕ್ಟಿಕ್ ಕಡಲಿನ ಬೋಹೆಡ್ ತಿಮಿಂಗಿಲದ ಕಥೆ. ಇದಕ್ಕೆ ಹಲ್ಲಿಲ್ಲ. ಬಾಯಲ್ಲಿ ಬಾಚಣಿಗೆಯಂತಹ ಜರಡಿ ಇದೆ. ನೀರನ್ನು ಜರಡಿ ಹಿಡಿದು ಸಣ್ಣ ಜೀವಿಗಳನ್ನು ತಿನ್ನುತ್ತದೆ. ಹಾಲು ಬಿಟ್ಟ ಮರಿಯ ಜರಡಿ ಇನ್ನೂ ಗಿಡ್ಡ. ಹೊಟ್ಟೆ ತುಂಬುವಷ್ಟು ಆಹಾರ ಸಿಗುವುದಿಲ್ಲ. ಆಗ ಅದು ಏನು ಮಾಡುತ್ತದೆ ಗೊತ್ತೆ? ಕೆಲವು ವರ್ಷ ಮೈಯ ಉದ್ದ ಬೆಳೆಸುವುದನ್ನೇ ಬಹುಮಟ್ಟಿಗೆ ನಿಲ್ಲಿಸುತ್ತದೆ. ಹಾಲಿನಿಂದ ಬಂದ ಬ್ಲಬರನ್ನು ಕರಗಿಸಿ, ಪಕ್ಕೆಲುಬಿನ ಸಾರವನ್ನೂ ತೆಗೆದು, ತಲೆ ಮತ್ತು ಜರಡಿಯನ್ನು ಬೆಳೆಸುತ್ತದೆ. ಜರಡಿ ದೊಡ್ಡದಾದ ಮೇಲೆ ಮೈ ಮತ್ತೆ ಬೆಳೆಯುತ್ತದೆ. ರೈತ ಬಿತ್ತನೆಯ ವರ್ಷ ಕಣಜದ ಕಾಳನ್ನು ಮಾರಿ ನೇಗಿಲು ಕೊಂಡಂತೆ ಇದು. ದೊಡ್ಡದಾದ ಬೋಹೆಡ್‌ನ ಬ್ಲಬರ್ ಅರ್ಧ ಮೀಟರ್‌ವರೆಗೆ ದಪ್ಪ ಇರಬಹುದು. ಅಂದರೆ ಒಂದು ಮೊಳಕ್ಕೂ ಹೆಚ್ಚು! ಯಾವ ಪ್ರಾಣಿಗೂ ಇದಕ್ಕಿಂತ ದಪ್ಪ ಬ್ಲಬರ್ ಇಲ್ಲ.

ನಾಲ್ಕನೆಯ ಹಂತ: ಬೆಳೆದ ಪ್ರಾಣಿ

ದೊಡ್ಡದಾದ ಮೇಲೂ ಬ್ಲಬರ್ ಒಂದೇ ಸಮನೆ ಇರುವುದಿಲ್ಲ. ಅಮೆರಿಕದ ಫ್ಲಾರಿಡಾ ತೀರದ ಡಾಲ್ಫಿನ್‌ಗಳನ್ನು ಹಿಡಿದು, ಅಳೆದು, ಮತ್ತೆ ನೀರಿಗೆ ಬಿಟ್ಟು ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಚಳಿಗಾಲದಲ್ಲಿ ಅವುಗಳ ಬ್ಲಬರ್ ದಪ್ಪ, ಬೇಸಿಗೆಯಲ್ಲಿ ತೆಳು. ನಾವು ಚಳಿಗೆ ರಗ್ಗು ಹೊದ್ದು, ಬೇಸಿಗೆಗೆ ತೆಗೆದಿಡುವಂತೆ.

ಬೇಸಿಗೆಯಲ್ಲಿ, ಇಲ್ಲವೇ ವೇಗವಾಗಿ ಈಜಿದಾಗ ಮೈ ಬಿಸಿಯಾದರೆ ಏನು ಮಾಡಬೇಕು? ಡಾಲ್ಫಿನ್‌ನ ಬೆನ್ನಿನ ರೆಕ್ಕೆ, ಪಕ್ಕದ ರೆಕ್ಕೆ, ಬಾಲದ ಅಂಚುಗಳಲ್ಲಿ ದಪ್ಪ ಬ್ಲಬರ್ ಇಲ್ಲ. ಬಿಸಿ ರಕ್ತವನ್ನು ಅಲ್ಲಿಗೆ ಹೆಚ್ಚಾಗಿ ಹರಿಸಿದರೆ ಮೈ ತಂಪಾಗುತ್ತದೆ. ಚಳಿಯಾದರೆ ಅಲ್ಲಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಇವು ಮೈಯ ಕಿಟಕಿಗಳು. ಬೇಕಾದಾಗ ತೆರೆಯಬಹುದು, ಬೇಡವಾದಾಗ ಮುಚ್ಚಬಹುದು.

ಆಹಾರ ಸಿಗದೆ ಅಥವಾ ರೋಗ ಬಂದು ಸೊರಗಿದಾಗ ಬ್ಲಬರ್‌ನ ಒಳಪದರದ ಕೊಬ್ಬು ಮೊದಲು ಖರ್ಚಾಗುತ್ತದೆ. ಹೊರಪದರ ಬಹುಮಟ್ಟಿಗೆ ಉಳಿಯುತ್ತದೆ. ಹಾಗಾಗಿ ಮೈಯ ಆಕಾರ ಬೇಗ ಕೆಡುವುದಿಲ್ಲ. ಆದರೆ ಬಿಸಿ ತಡೆಯುವ ಶಕ್ತಿ ಕುಗ್ಗುತ್ತದೆ. ತೀರಾ ಸೊರಗಿದ ಡಾಲ್ಫಿನ್‌ನ ತಲೆಯ ಹಿಂದೆ, ಕುತ್ತಿಗೆಯ ಜಾಗದಲ್ಲಿ ತಗ್ಗು ಕಾಣುತ್ತದೆ. ದಡಕ್ಕೆ ಬಂದು ಬಿದ್ದ ಡಾಲ್ಫಿನ್‌ನಲ್ಲಿ ವಿಜ್ಞಾನಿಗಳು ಮೊದಲು ನೋಡುವ ಗುರುತುಗಳಲ್ಲಿ ಇದೂ ಒಂದು.

ಐದನೆಯ ಹಂತ: ತಾಯಿ

ತಾಯಿಯಾಗುವ ಪ್ರಾಣಿಗೆ ಕೊಬ್ಬು ಎಲ್ಲರಿಗಿಂತ ಹೆಚ್ಚು ಬೇಕು. ದಕ್ಷಿಣ ಗೋಳಾರ್ಧದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯಲ್ಲಿ ಅಂಟಾರ್ಕ್ಟಿಕದ ತಣ್ಣೀರಿನಲ್ಲಿ ಮೇಯುತ್ತವೆ. ಚಳಿಗಾಲಕ್ಕೆ ಸಾವಿರಾರು ಕಿಲೋಮೀಟರ್ ಈಜಿ ಬೆಚ್ಚನೆಯ ಕಡಲಿಗೆ ಬಂದು ಮರಿ ಹಾಕುತ್ತವೆ. ಅಲ್ಲಿ ಅವುಗಳಿಗೆ ಆಹಾರ ಬಹಳ ಕಡಿಮೆ. ತಾಯಿ ತಿಂಗಳುಗಟ್ಟಲೆ ಉಪವಾಸವಿದ್ದು, ತನ್ನ ಬ್ಲಬರ್ ಕರಗಿಸಿ ಹಾಲು ಮಾಡಿ ಮರಿಗೆ ಕೊಡುತ್ತದೆ. ತಾಯಿಯ ಮೈ ತೆಳುವಾಗುತ್ತದೆ, ಮರಿಯ ಮೈ ತುಂಬುತ್ತದೆ. ಆನೆ ಸೀಲ್ ತಾಯಿಯಂತೂ ನಾಲ್ಕು ವಾರದಲ್ಲಿ ತನ್ನ ತೂಕದ ಸುಮಾರು ಐದರಲ್ಲಿ ಎರಡು ಪಾಲು ಕಳೆದುಕೊಳ್ಳುತ್ತದೆ. ಬ್ಲಬರ್ ಒಂದು ಮೈಯಿಂದ ಇನ್ನೊಂದು ಮೈಗೆ ಹಾಲಿನ ದಾರಿಯಲ್ಲಿ ಸಾಗುತ್ತದೆ.

ನಮ್ಮ ಅರಬ್ಬಿ ಸಮುದ್ರದಲ್ಲಿ

ಇದೆಲ್ಲ ದೂರದ ಮಾತು ಎಂದುಕೊಳ್ಳಬೇಡಿ. ನಮ್ಮ ರಾಜ್ಯಕ್ಕೆ ಸುಮಾರು 320 ಕಿಲೋಮೀಟರ್ ಕಡಲ ತೀರವಿದೆ. ಕಾರವಾರದ ಬಳಿ, ಕಾಳಿ ನದಿ ಕಡಲು ಸೇರುವಲ್ಲಿ ಹಂಪ್‌ಬ್ಯಾಕ್ ಡಾಲ್ಫಿನ್‌ಗಳು ಕಾಣುತ್ತವೆ. ಬೆನ್ನಿನ ರೆಕ್ಕೆ ಇಲ್ಲದ ಪೋರ್ಪಸ್ ಎಂಬ ಚಿಕ್ಕ ಪ್ರಾಣಿಯೂ ಈ ತೀರದಲ್ಲಿದೆ. ಇಲ್ಲಿನ ನೀರು ಬೆಚ್ಚಗಿರುವುದರಿಂದ ಇವುಗಳಿಗೆ ಆರ್ಕ್ಟಿಕ್‌ನ ಪ್ರಾಣಿಗಳಷ್ಟು ದಪ್ಪ ಬ್ಲಬರ್ ಬೇಕಿಲ್ಲ. ಆದರೂ ಬ್ಲಬರ್ ಇದೆ. ಬೆಚ್ಚನೆಯ ನೀರೂ 37 ಡಿಗ್ರಿಗಿಂತ ತಣ್ಣಗೇ ಇರುತ್ತದಲ್ಲವೇ?

ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳು ಪ್ರಪಂಚದ ಉಳಿದ ಹಂಪ್‌ಬ್ಯಾಕ್‌ಗಳಂತಲ್ಲ. ಅವು ಧ್ರುವದ ಕಡೆ ಹೋಗುವುದೇ ಇಲ್ಲ. ವರ್ಷವಿಡೀ ಇಲ್ಲೇ ಇರುತ್ತವೆ. ಇದಕ್ಕೆ ಕಾರಣ ನಮಗೆ ಮಳೆ ತರುವ ಮುಂಗಾರು ಗಾಳಿ! ಆ ಗಾಳಿ ಓಮಾನ್ ದೇಶದ ತೀರದಲ್ಲಿ ಮೇಲಿನ ನೀರನ್ನು ದೂಡುತ್ತದೆ. ಆಗ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ. ಅದರಿಂದ ಸಣ್ಣ ಜೀವಿಗಳು, ಮೀನುಗಳು ಹೆಚ್ಚುತ್ತವೆ. ತಿಮಿಂಗಿಲಕ್ಕೆ ಮನೆಯ ಬಳಿಯೇ ಊಟ ಸಿಗುತ್ತದೆ. ಇದೇ ಗಾಳಿಯ ಮಳೆಯಿಂದ ನಮ್ಮ ಹೊಲದಲ್ಲಿ ತೊಗರಿ ಬೆಳೆಯುತ್ತದೆ.

ಲುಬಾನ್ ಎಂಬ ಹೆಸರಿನ ಹೆಣ್ಣು ತಿಮಿಂಗಿಲಕ್ಕೆ 2017ರಲ್ಲಿ ಓಮಾನ್ ತೀರದಲ್ಲಿ ಉಪಗ್ರಹದ ಮೂಲಕ ಜಾಡು ಹಿಡಿಯುವ ಉಪಕರಣ ಅಂಟಿಸಲಾಯಿತು. ಅದು ಅರಬ್ಬಿ ಸಮುದ್ರ ದಾಟಿ ಭಾರತದ ಪಶ್ಚಿಮ ತೀರಕ್ಕೆ ಬಂತು. ತೀರದುದ್ದಕ್ಕೂ ದಕ್ಷಿಣಕ್ಕೆ ಸಾಗಿ ದೇಶದ ತುದಿಯವರೆಗೂ ಹೋಯಿತು. ಓಮಾನ್ ತೀರದ ಈ ತಿಮಿಂಗಿಲಗಳ ಸಂಖ್ಯೆ ನೂರಕ್ಕಿಂತ ಕಡಿಮೆ ಎಂದು ವಿಜ್ಞಾನಿಗಳ ಅಂದಾಜು.

ಇಷ್ಟು ಕಡಿಮೆ ಆಗಲು ಒಂದು ಕಾರಣ ಮನುಷ್ಯನ ಬೇಟೆ. 1966ರಲ್ಲಿ ಸೋವಿಯತ್ ಒಕ್ಕೂಟದ ಹಡಗುಗಳು ಅರಬ್ಬಿ ಸಮುದ್ರದಲ್ಲಿ 200ಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕೊಂದವು. ಬ್ಲಬರ್ ಕುದಿಸಿದರೆ ಎಣ್ಣೆ ಬರುತ್ತದೆ. ಹಿಂದೆ ಯುರೋಪ್, ಅಮೆರಿಕದ ದೀಪಗಳಿಗೆ, ಆಮೇಲೆ ಸಾಬೂನು ಮತ್ತು ಕೃತಕ ಬೆಣ್ಣೆಗೆ ಆ ಎಣ್ಣೆ ಬಳಸುತ್ತಿದ್ದರು. 20ನೆಯ ಶತಮಾನದಲ್ಲಿ ಪ್ರಪಂಚದಲ್ಲಿ ಸುಮಾರು 29 ಲಕ್ಷ ತಿಮಿಂಗಿಲಗಳನ್ನು ಕೊಲ್ಲಲಾಯಿತು. 1986ರಿಂದ ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆಯಾಡುವುದಕ್ಕೆ ಅಂತರರಾಷ್ಟ್ರೀಯ ತಡೆ ಇದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಿಮಿಂಗಿಲ, ಡಾಲ್ಫಿನ್‌ಗಳಿಗೆ ಹುಲಿಗೆ ಕೊಟ್ಟಷ್ಟೇ ರಕ್ಷಣೆ ಕೊಟ್ಟಿದೆ.

ಕಣಜಕ್ಕೆ ಸೇರುವ ವಿಷ

ಕೊಬ್ಬಿನ ಕಣಜದಲ್ಲಿ ಒಳ್ಳೆಯದು ಮಾತ್ರ ಸೇರುವುದಿಲ್ಲ. ಡಿ.ಡಿ.ಟಿ.ಯಂತಹ ಕೀಟನಾಶಕಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಬೇಗ ನಾಶವಾಗುವುದೂ ಇಲ್ಲ. ಹೊಲದಿಂದ ಹಳ್ಳಕ್ಕೆ, ಹಳ್ಳದಿಂದ ನದಿಗೆ, ನದಿಯಿಂದ ಕಡಲಿಗೆ ಅವು ಸೇರುತ್ತವೆ. ಸೂಕ್ಷ್ಮ ಜೀವಿಗಳನ್ನು ಸಣ್ಣ ಮೀನು ತಿನ್ನುತ್ತದೆ. ಸಣ್ಣ ಮೀನನ್ನು ದೊಡ್ಡ ಮೀನು, ದೊಡ್ಡ ಮೀನನ್ನು ಡಾಲ್ಫಿನ್ ತಿನ್ನುತ್ತದೆ. ಪ್ರತಿ ಮೆಟ್ಟಿಲಲ್ಲೂ ವಿಷ ಹೆಚ್ಚುತ್ತಾ ಹೋಗುತ್ತದೆ. ಕೊನೆಗೆ ಅದು ಡಾಲ್ಫಿನ್‌ನ ಬ್ಲಬರ್‌ನಲ್ಲಿ ಕೂಡಿಕೊಳ್ಳುತ್ತದೆ.

ಗಂಡು ಡಾಲ್ಫಿನ್‌ನಲ್ಲಿ ಈ ವಿಷ ವಯಸ್ಸಾದಂತೆ ಹೆಚ್ಚುತ್ತಲೇ ಇರುತ್ತದೆ. ಹೆಣ್ಣಿನಲ್ಲಿ ಮಾತ್ರ ಅದು ಒಮ್ಮೆಲೇ ಇಳಿಯುತ್ತದೆ. ಎಲ್ಲಿಗೆ ಹೋಯಿತು? ಹಾಲಿನ ಕೊಬ್ಬಿನ ಜೊತೆ ಮರಿಗೆ! ಚೊಚ್ಚಲ ಮರಿಗೆ ಅದರ ದೊಡ್ಡ ಪಾಲು ಹೋಗುತ್ತದೆ. ಪ್ರಾಣಿ ಸೊರಗಿ ಕೊಬ್ಬು ಕರಗಿದಾಗಲೂ ಕೂಡಿಟ್ಟ ವಿಷ ರಕ್ತಕ್ಕೆ ಬರುತ್ತದೆ. ಹೀಗೆ ಕಷ್ಟದ ಕಾಲದಲ್ಲೇ ಇನ್ನೊಂದು ಕಷ್ಟ ಎದುರಾಗುತ್ತದೆ.

ಇದಕ್ಕೂ ನಮ್ಮ ಜಿಲ್ಲೆಗೂ ಏನು ಸಂಬಂಧ? ಭೂಪಟ ತೆಗೆದು ನೋಡಿ. ಭೀಮಾ ನದಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಪೂರ್ವಕ್ಕೆ ಹರಿದು ಆಂಧ್ರಪ್ರದೇಶದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ನಾರಾಯಣಪುರದ ಕಾಲುವೆಯ ನೀರುಣ್ಣುವ ಶಹಾಪುರ, ಸುರಪುರದ ಭತ್ತ, ಹತ್ತಿ, ಮೆಣಸಿನಕಾಯಿ ಹೊಲಗಳಿಂದ ಬಸಿದ ನೀರಿನ ದಾರಿಯೂ ಅದೇ. ಬಂಗಾಳ ಕೊಲ್ಲಿಯ ಡಾಲ್ಫಿನ್‌ಗಳ ಬ್ಲಬರ್‌ನಲ್ಲಿ ಡಿ.ಡಿ.ಟಿ. ಇರುವುದನ್ನು ವಿಜ್ಞಾನಿಗಳು ಪತ್ತೆ ಮಾಡಿದ್ದಾರೆ. ಕೃಷಿಯಲ್ಲಿ ಡಿ.ಡಿ.ಟಿ. ಬಳಕೆಯನ್ನು ನಮ್ಮ ದೇಶದಲ್ಲಿ 1989ರಲ್ಲಿ ನಿಷೇಧಿಸಲಾಯಿತು. ಎಂಡೋಸಲ್ಫಾನ್ ಎಂಬ ಇನ್ನೊಂದು ವಿಷವನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಕಾಸರಗೋಡಿನ ಗೇರು ತೋಟಗಳ ಸುತ್ತಲಿನ ಜನರು ಅದರಿಂದ ಪಟ್ಟ ಪಾಡು ದೇಶಕ್ಕೆಲ್ಲ ಗೊತ್ತು.

ಆದ್ದರಿಂದ ಔಷಧಿ ಹೊಡೆದ ಪಂಪು, ಖಾಲಿ ಡಬ್ಬಿಗಳನ್ನು ಕಾಲುವೆಯಲ್ಲಿ, ಹಳ್ಳದಲ್ಲಿ ತೊಳೆಯಬಾರದು. ಆ ಡಬ್ಬಿಗಳಲ್ಲಿ ನೀರು, ಎಣ್ಣೆ ತುಂಬಿಡಬಾರದು. ಬೇಕಾದಷ್ಟೇ ಔಷಧಿ, ಹೇಳಿದಷ್ಟೇ ಪ್ರಮಾಣ. ಇದು ಡಾಲ್ಫಿನ್‌ಗೂ ಒಳ್ಳೆಯದು. ಅದಕ್ಕಿಂತ ಮೊದಲು ಅದೇ ನೀರು ಕುಡಿಯುವ ನಮ್ಮ ದನಕರುಗಳಿಗೆ, ನಮಗೆ ಒಳ್ಳೆಯದು. ನಮ್ಮ ಮೈಯಲ್ಲೂ ಕೊಬ್ಬು ಇದೆ, ನಮ್ಮ ತಾಯಂದಿರೂ ಹಾಲೂಡುತ್ತಾರೆ. ಹಾಗೆಂದು ತಾಯಿಹಾಲಿಗೆ ಹೆದರಬೇಕಿಲ್ಲ. ಕೂಸಿಗೆ ಅದಕ್ಕಿಂತ ಒಳ್ಳೆಯ ಆಹಾರ ಬೇರೆ ಇಲ್ಲ. ಶುಚಿಯಾಗಿಡಬೇಕಾದದ್ದು ನಮ್ಮ ನೀರು, ನಮ್ಮ ಹೊಲ.

ನೀವೇ ಮಾಡಿ ನೋಡಿ

ಬೇಕಾಗುವ ಸಾಮಾನು: ಕೈ ಹಿಡಿಸುವಷ್ಟು ದೊಡ್ಡ ನಾಲ್ಕು ಪ್ಲಾಸ್ಟಿಕ್ ಚೀಲ, ಒಂದು ಪೊಟ್ಟಣ ಡಾಲ್ಡಾ, ಬಕೆಟ್ಟು, ತಣ್ಣೀರು, ಸಿಕ್ಕರೆ ಸ್ವಲ್ಪ ಐಸ್, ಗಡಿಯಾರ.

1. ಒಂದು ಚೀಲದೊಳಗೆ ಡಾಲ್ಡಾ ಹಾಕಿ. ಅದರೊಳಗೆ ಇನ್ನೊಂದು ಚೀಲ ಇಡಿ. ಎರಡು ಚೀಲಗಳ ನಡುವೆ ಡಾಲ್ಡಾ ಎಲ್ಲ ಕಡೆ ಸಮನಾಗಿ ಹರಡುವಂತೆ ಒತ್ತಿ. ಇದು ಬ್ಲಬರ್ ಕೈಚೀಲ.
2. ಉಳಿದ ಎರಡು ಚೀಲಗಳನ್ನು ಡಾಲ್ಡಾ ಇಲ್ಲದೆ ಒಂದರೊಳಗೆ ಒಂದು ಇಡಿ.
3. ಎರಡೂ ಕೈಗಳಿಗೆ ಒಂದೊಂದು ಹಾಕಿಕೊಂಡು, ಚೀಲದ ಬಾಯಿಗೆ ನೀರು ನುಗ್ಗದಂತೆ ತಣ್ಣೀರಿನಲ್ಲಿ ಅದ್ದಿ.
4. ಯಾವ ಕೈಗೆ ಮೊದಲು ಚಳಿ ಹತ್ತಿತು? ಎಷ್ಟು ಸೆಕೆಂಡಿಗೆ? ಗೆಳೆಯರು ಬರೆದುಕೊಳ್ಳಲಿ.
5. ಈಗ ಡಾಲ್ಡಾ ಪದರವನ್ನು ತೆಳು ಮಾಡಿ ಮತ್ತೆ ನೋಡಿ. ತೆಳು ಪದರ ಮರಿ, ದಪ್ಪ ಪದರ ತಾಯಿ ಎಂದುಕೊಳ್ಳಿ. ವ್ಯತ್ಯಾಸವೇನು?

ಎಚ್ಚರಿಕೆ: ಐಸ್ ನೀರಿನಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಕೈ ಇಡಬೇಡಿ. ಪ್ರಯೋಗ ಮುಗಿದ ಮೇಲೆ ಚೀಲಗಳನ್ನು ಹಳ್ಳಕ್ಕೆ, ಚರಂಡಿಗೆ ಎಸೆಯಬೇಡಿ.

ಯೋಚಿಸಿ ಉತ್ತರಿಸಿ

1. ಹಾರ್ಪ್ ಸೀಲ್ ಮರಿಯ ಬಿಳಿಯ ತುಪ್ಪಳ ಉದುರುವುದು ಬ್ಲಬರ್ ತುಂಬಿದ ಮೇಲೆಯೇ ಏಕೆ? ಮೊದಲೇ ಉದುರಿದರೆ ಏನಾದೀತು?
2. ನೀರುನಾಯಿಗೆ ಸಾಲುವ ತುಪ್ಪಳ ಆಳಕ್ಕೆ ಮುಳುಗುವ ತಿಮಿಂಗಿಲಕ್ಕೆ ಏಕೆ ಸಾಲದು?
3. 2 ಸೆಂ.ಮೀ. ಮತ್ತು 4 ಸೆಂ.ಮೀ. ಬದಿಯ ಎರಡು ಘನಾಕೃತಿಗಳ ಹೊರಮೈ ಮತ್ತು ಗಾತ್ರ ಲೆಕ್ಕ ಹಾಕಿ. ಯಾವುದು ಬೇಗ ಆರುತ್ತದೆ?
4. ಚಳಿಗಾಲದಲ್ಲಿ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ವಲಸೆ ಹಕ್ಕಿಗಳು ಬರುತ್ತವೆ. ದೂರದ ಪಯಣಕ್ಕೆ ಮೊದಲು ಅವು ಹೆಚ್ಚು ತಿಂದು ಕೊಬ್ಬು ಕೂಡಿಸಿಕೊಳ್ಳುತ್ತವೆ. ಅಷ್ಟೇ ಶಕ್ತಿಗಾಗಿ ಕೊಬ್ಬಿನ ಬದಲು ಪಿಷ್ಟ ಕೂಡಿಸಿಕೊಂಡರೆ ಆ ಸಂಗ್ರಹ ಎಷ್ಟು ಪಟ್ಟು ಭಾರವಾದೀತು? ಮೇಲೆ ಕೊಟ್ಟ ಕ್ಯಾಲೊರಿ ಲೆಕ್ಕ ಬಳಸಿ.
5. ನಿಮ್ಮೂರಿನ ಹಳ್ಳದ ನೀರು ಯಾವ ಯಾವ ಊರು ದಾಟಿ ಕಡಲು ಸೇರುತ್ತದೆ? ಭೂಪಟದಲ್ಲಿ ಗುರುತಿಸಿ, ಶಾಲೆಯ ಗೋಡೆಗೆ ಹಚ್ಚಿ.